ಕೇಳಿತು ಅಂದವಳು

ನನ್ನ ಕೆಲಸ ಕೇಳುವುದು. ಮದುವೆ ಮನೆಗೆ ಬಾಣಸಿಗನನ್ನು ಕರೆದಂತೆ, ಸಾವಿನ ಮನೆಗೆ ಮಯ್ಯತ್ ತೊಳೆಯುವವರನ್ನು ಕರೆದಂತೆ, ನಮ್ಮೂರಿನಲ್ಲಿ ಎರಡೂ ಕಡೆಗೆ ನನ್ನನ್ನು ಕರೆಯುತ್ತಿದ್ದರು. ಪರದೆಯ ಹಿಂದೆ ಮದುಮಗಳ ಪಕ್ಕ ಕೂತು, ಅವಳು ಕಬೂಲ್ ಅಂದದ್ದು ಕೇಳಿತೋ ಇಲ್ಲವೋ ಆಚೆ ಕೂತ ಗಂಡಸರಿಗೆ ಹೇಳಬೇಕು. ಸಾಯುವವರ ದಿಂಬಿನ ಪಕ್ಕ ಕೂತು, ಅಲ್ಲಾ ಒಬ್ಬನೇ ದೇವರು ಅನ್ನುವ ಕಲ್ಮಾ ಅವರ ಬಾಯಿಂದ ಬಂತೋ ಇಲ್ಲವೋ ಹೇಳಬೇಕು. ನನಗಿಂತ ಮುಂಚೆ ನನ್ನ ಅತ್ತೆ ಈ ಕೆಲಸ ಮಾಡುತ್ತಿದ್ದರು. ಅವರ ಕಾಲು ಬಿದ್ದ ಮೇಲೆ ಇಪ್ಪತ್ತಾರನೆಯ ವಯಸ್ಸಿಗೆ ಅದು ನನ್ನ ಪಾಲಿಗೆ ಬಂತು. ಈಗ ನನಗೆ ಅರವತ್ತೆರಡು. ಜನ ನನ್ನನ್ನು ಮಾಲನಬಿ ಅನ್ನುವುದಕ್ಕಿಂತ ಹೆಚ್ಚಾಗಿ ಕೇಳಾಕಿ ಅಂತಲೇ ಕರೆದಿದ್ದಾರೆ.

ನಮ್ಮೂರಲ್ಲಿ ಒತ್ತಾಯಕ್ಕೆ ಆಡಿದ ಮಾತು ಕೇಳಿಸುವುದಿಲ್ಲ. ತುಟಿ ಅಲುಗುತ್ತವೆ, ಗಂಟಲು ಏರಿಳಿಯುತ್ತದೆ, ದನಿ ಮಾತ್ರ ಹೊರಗೆ ಬರುವುದಿಲ್ಲ. ಸುಳ್ಳು ಕೇಳಿಸುತ್ತದೆ. ಸ್ವಂತ ಮನಸ್ಸಿನಿಂದ ಆಡಿದ ಸುಳ್ಳು ಖಣಖಣ ಕೇಳಿಸುತ್ತದೆ. ನಿಜವೇ ಆದರೂ ಇನ್ನೊಬ್ಬರ ಬಲವಂತಕ್ಕೆ ಆಡಿದ್ದು ಕೇಳಿಸುವುದಿಲ್ಲ. ಹೊರಗಿನಿಂದ ವರ್ಗವಾಗಿ ಬಂದವರಿಗೆ ಮೊದಮೊದಲು ತಮ್ಮ ಕಿವಿಯೇ ಕೆಟ್ಟಿತೇನೋ ಅನ್ನಿಸುತ್ತದೆ. ಒಬ್ಬ ಫೌಜದಾರ ಆರು ತಿಂಗಳು ಠಾಣೆಯಲ್ಲಿ ಗದರಿಸಿ ಗದರಿಸಿ ಸೋತು, ಆಮೇಲೆ ಚಹಾ ತರಿಸಿಕೊಟ್ಟು ಮಾತಾಡಿಸುವುದನ್ನು ಕಲಿತ. ಮದರಸಾದಲ್ಲಿ ಬೆತ್ತ ಎತ್ತಿದರೆ ನಲವತ್ತು ಮಕ್ಕಳ ಓದು ಒಮ್ಮೆಗೇ ನಿಂತುಹೋಗುತ್ತಿತ್ತಂತೆ. ಹಾಗಾಗಿ ಆ ಬೆತ್ತ ಈಗ ಒಣಹಾಕಿದ ಹತ್ತಿಯಿಂದ ಆಡು ಓಡಿಸಲು ಬಳಕೆಯಾಗುತ್ತದೆ. ಅತ್ತೆಯ ಮುಂದೆ ಹೂಂ ಅಂದ ಸೊಸೆಯ ಹೂಂ ಕೇಳಿಸದಿದ್ದರೆ ಅತ್ತೆ ಇನ್ನೊಮ್ಮೆ ಕೇಳುವುದಿಲ್ಲ, ತಾನೇ ಎದ್ದು ಹೋಗಿ ರೊಟ್ಟಿ ತಟ್ಟುತ್ತಾಳೆ. ಮಸೀದಿಯ ಸಾಲಿನಲ್ಲಿ ನಿಂತವರು ಪಕ್ಕದವನ ಆಮೀನಿಗೆ ಕಿವಿ ಕೊಡುವುದಿಲ್ಲ. ಮಾತಾಡುವವರ ತುಟಿ ನೋಡುವುದು ನಮ್ಮಲ್ಲಿ ಹೊಸ್ತಿಲು ದಾಟಿ ಅಡುಗೆಮನೆ ಇಣುಕಿದಷ್ಟೇ ಅಮರ್ಯಾದೆ. ನೋಡುವ ಅಧಿಕಾರ ಇದ್ದದ್ದು ನನಗೊಬ್ಬಳಿಗೆ.

ಆ ಅಧಿಕಾರ ಯಾರಿಗೂ ಬೇಡ ಅಂತ ನನಗೆ ಬಹಳ ವರ್ಷಗಳಿಂದ ಅನ್ನಿಸುತ್ತಿತ್ತು. ಮದುವೆಯ ದಿನ ಹುಡುಗಿಯ ತಾಯಿ ನನ್ನ ಕೈ ಹಿಡಿಯುತ್ತಿದ್ದಳು, ತಂದೆ ದೂರದಿಂದಲೇ ಕಣ್ಣಲ್ಲಿ ಬೇಡಿಕೊಳ್ಳುತ್ತಿದ್ದ. ಸಾವಿನ ಮನೆಯಲ್ಲಂತೂ ಹೇಳುವುದೇ ಬೇಡ. ಜಮಾತಿನ ಅಧ್ಯಕ್ಷ ಮುಕ್ತುಂಸಾಬನ ಅಪ್ಪ ತನ್ನ ಕಾಲದಲ್ಲಿ ಒಂದು ನಿಯಮ ಮಾಡಿಟ್ಟು ಹೋಗಿದ್ದ. ಕೇಳಾಕಿ 'ಕೇಳಿತು' ಅಂದವರಿಗೆ ಖಬರಸ್ತಾನ, ಅನ್ನದವರಿಗೆ ಇಟ್ಟಿಗೆ ಭಟ್ಟಿಯ ಆಚೆಯ ಕಲ್ಲುಭೂಮಿ. ಬಾಯಿ ಬಿದ್ದವರಿಗೆ, ನೆನಪು ತಪ್ಪಿದವರಿಗೆ ಈ ನಿಯಮ ಇರಲಿಲ್ಲ. ಪ್ರಜ್ಞೆ ಇದ್ದೂ ದನಿ ಬಾರದವರಿಗೆ ಇತ್ತು. ಮೂವತ್ತಾರು ವರ್ಷದಲ್ಲಿ ಮೂರು ಜನ ಆ ಕಲ್ಲುಭೂಮಿಗೆ ಹೋದರು. ಮೂವರ ಮನೆಯವರೂ ನನ್ನ ಜೊತೆ ಮಾತು ಬಿಟ್ಟರು.

ಆ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಾಗ ತಂಗಿಯ ಹಿರಿಮಗ ದಸ್ತಗೀರ ಬಂದ. ಮೂವತ್ತೆರಡು ವರ್ಷದವನು, ಎರಡು ಮಕ್ಕಳ ತಂದೆ. ಅವರದು ಹತ್ತಿ ಹಿಂಜಿ ಗಾದಿ ತುಂಬುವ ಮನೆತನ, ಅವನ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆ ಕೂತಿರುತ್ತದೆ. ಅವನು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ದೊಡ್ಡವ್ವಾ, ಅಪ್ಪಗ ಇವತ್ತು ಭಾಳ ಆಗೇತಿ. ಉಸಿರು ನಿಂತು ನಿಂತು ಬರಾಕ್ಹತ್ತೇತಿ. ನೀ ಕೇಳಾಕ ಬರಬೇಕು" ಅಂದ.

"ನಾನು ಸಂಬಂಧದಾಕಿ ಅದೀನಪ್ಪಾ. ಬ್ಯಾರೆ ಯಾರನ್ನಾರ ಕರಕೊಂಡು ಹೋಗು."

"ಬ್ಯಾರೆ ಯಾರದಾರ? ಊರಾಗ ನೀ ಒಬ್ಬಾಕಿ." ಹುಬ್ಬಿನ ಹತ್ತಿ ಒರೆಸಿಕೊಂಡು, "ಮುಕ್ತುಂಸಾಬ್ರು ಆಗಲೇ ಹೇಳಿ ಕಳಿಸ್ಯಾರ" ಅಂದ.

ಏನು ಹೇಳಿ ಕಳಿಸಿದ್ದಾರೆ ಅಂತ ನಾನು ಕೇಳಲಿಲ್ಲ. ಅವನ ಅಪ್ಪ ಗುಡುಸಾಬ ಹದಿನೆಂಟು ವರ್ಷದಿಂದ ಮಸೀದಿಯ ಮೆಟ್ಟಿಲು ಹತ್ತಿರಲಿಲ್ಲ. ಜಗಳ ಆಡಿ ಬಿಟ್ಟವನಲ್ಲ, ಯಾರನ್ನೂ ಬೈದು ಬಿಟ್ಟವನಲ್ಲ. ಒಂದು ದಿನದಿಂದ ಬರಲಿಲ್ಲ, ಅಷ್ಟೆ. ಅಜಾನ್ ಆದಾಗ ಹಿಂಜುವ ಬಿಲ್ಲನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ಕೈಕಟ್ಟಿ ಕೂತಿರುತ್ತಿದ್ದ. ಹೋಗುವವರು ಹೋಗಿ ಬರುವ ತನಕ ಕೆಲಸ ಶುರು ಮಾಡುತ್ತಿರಲಿಲ್ಲ. ಅದನ್ನು ಕೆಲವರು ಮರ್ಯಾದೆ ಅಂದರು, ಕೆಲವರು ಸೊಕ್ಕು ಅಂದರು. ರಂಜಾನ್ ತಿಂಗಳಲ್ಲಿ ಬಡವರ ಮನೆಗಳಿಗೆ ಹಳೆ ಗಾದಿಗಳನ್ನು ಬಿಚ್ಚಿ ಹೊಸದಾಗಿ ತುಂಬಿಕೊಡುತ್ತಿದ್ದ. ಅದನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ.

ನಾನು ಕೈ ತೊಳೆದುಕೊಂಡು ಹೊರಟೆ. ಮೆಣಸಿನಕಾಯಿಯ ಉರಿ ಬೆರಳಲ್ಲಿ ಹಾಗೇ ಇತ್ತು.

ಗುಡುಸಾಬನನ್ನು ಮುಂದಿನ ಕೋಣೆಯಲ್ಲಿ ಹತ್ತಿಯ ಅಂಡಿಗೆಗಳ ನಡುವೆ ಮಲಗಿಸಿದ್ದರು. ಅವನಿಗೂ ಅರವತ್ತೆರಡೇ, ನೋಡಿದರೆ ಎಂಬತ್ತು ಅನ್ನಿಸುತ್ತಿತ್ತು. ಜೀವನವೆಲ್ಲ ಹತ್ತಿಯ ಧೂಳು ಕುಡಿದ ಎದೆ ಸೋತುಹೋಗಿತ್ತು. ಕಾಲ ಬಳಿ ನನ್ನ ತಂಗಿ ಪೀರಂಬಿ ಕೂತಿದ್ದಳು, ಒದ್ದೆ ಬಟ್ಟೆಯಿಂದ ಅವನ ಪಾದ ಒರೆಸುತ್ತಿದ್ದಳು. ನನ್ನನ್ನು ನೋಡಿ ಜಾಗ ಬಿಟ್ಟಳು. ನಾವಿಬ್ಬರೂ ಮೊದಲಿನಿಂದ ಹೆಚ್ಚು ಮಾತಾಡುವವರಲ್ಲ, ಮೂವತ್ನಾಲ್ಕು ವರ್ಷದಿಂದಂತೂ ಇಲ್ಲ. ಹಬ್ಬಕ್ಕೆ ಸುರಕುಂಬಾ ಕಳಿಸುತ್ತೇವೆ, ಸೊಸೆಯಂದಿರ ಬಾಣಂತನಕ್ಕೆ ಹೋಗುತ್ತೇವೆ, ಅಷ್ಟರಲ್ಲಿ ಮುಗಿಯುತ್ತದೆ.

ದಸ್ತಗೀರ ಒಂದು ಕಡೆ, ಅವನ ತಮ್ಮ ಖಾದರ ಇನ್ನೊಂದು ಕಡೆ ಬಗ್ಗಿ ಅಪ್ಪನ ಕಿವಿಯಲ್ಲಿ ಕಲ್ಮಾ ಹೇಳಿಕೊಡುತ್ತಿದ್ದರು. "ಅನ್ನಪ್ಪಾ, ಒಂದು ಸಲ ಅನ್ನು. ನಮ್ಮ ಸಲುವಾಗಿ ಅನ್ನು." ಗುಡುಸಾಬ ಕಣ್ಣು ತೆರೆದಿದ್ದ. ಮಕ್ಕಳ ಮುಖ ನೋಡಿದ. ತುಟಿ ಅಲುಗಾಡಿದವು, ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ತಪ್ಪದಂತೆ ಅಲುಗಾಡಿದವು. ಕೋಣೆಯಲ್ಲಿ ನೊಣ ಹಾರಿದ ಸದ್ದು ಕೇಳುತ್ತಿತ್ತು, ಅವನ ದನಿ ಕೇಳಲಿಲ್ಲ. ಮಕ್ಕಳು ನನ್ನ ಕಡೆ ತಿರುಗಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಮತ್ತೆ ಬಗ್ಗಿದರು. ಅವನು ಮತ್ತೆ ಅಂದ. ಹೀಗೆ ಏಳೆಂಟು ಸಲ ಆಯಿತು. ಉಸಿರು ಸಾಲದ ಮನುಷ್ಯ ಮಕ್ಕಳಿಗೋಸ್ಕರ ಅಷ್ಟು ಸಲ ಬಾಯಿ ತೆರೆದ.

ದಸ್ತಗೀರ ನೆಲಕ್ಕೆ ಕುಸಿದ. "ನಾಳೆ ಅಲ್ಲಾನ ಮುಂದ ನನ್ನ ಕೇಳ್ತಾರ ದೊಡ್ಡವ್ವಾ. ಎದಿ ಎತ್ತರದ ಮಗ ಇದ್ದೂ ಅಪ್ಪನ ಬಾಯಾಗ ಒಂದು ಮಾತು ತರಿಸಲಿಲ್ಲೇನು ಅಂತ ಕೇಳ್ತಾರ. ಏನ ಹೇಳಲಿ?"

"ನೀವಿಬ್ಬರೂ ಹೊರಗ ಹೋಗ್ರಿ. ಅಂವಗ ಸ್ವಲ್ಪ ಗಾಳಿ ಬರಲಿ" ಅಂದೆ. ಹೋದರು. ಪೀರಂಬಿಯೂ ಗಂಜಿ ಬಿಸಿ ಮಾಡುತ್ತೇನೆ ಅಂತ ಎದ್ದಳು. ಅವನು ಅದನ್ನು ಕುಡಿಯುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು.

ಒಂದು ಚಮಚ ನೀರು ಹಾಕಿದೆ. ಗುಡುಸಾಬ ನುಂಗಿದ. ಆಮೇಲೆ ಸಣ್ಣಗೆ, ಆದರೆ ಸ್ಪಷ್ಟವಾಗಿ, "ಅಕ್ಕಾರ, ಇದು ಕೇಳತೈತಲ್ಲ?" ಅಂದ.

"ಕೇಳತೈತ್ರಿ."

"ಹಂಗಾದ್ರ ದನಿ ಇನ್ನೂ ಐತಿ." ನಗಲು ನೋಡಿದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನಿಧಾನಕ್ಕೆ ಹೇಳಿದ. "ಒಂದು ದಿನ ನಮಾಜಿಗೆ ನಿಂತಾಗ, ನಾ ಯಾರ ಜೋಡಿ ಮಾತಾಡಾಕ್ಹತ್ತೀನಿ ಅನ್ನೋದು ಗೊತ್ತಾಗಲಿಲ್ಲ. ಮರುದಿನಾನೂ ಗೊತ್ತಾಗಲಿಲ್ಲ. ಆರು ತಿಂಗಳು ನಿಂತು ನೋಡಿದೆ. ಆಮ್ಯಾಲೆ ಬಿಟ್ಟೆ. ಇಲ್ಲ ಅಂತ ನಾ ಯಾರ ಮುಂದೂ ಅಂದಿಲ್ಲ. ಐತಿ ಅನ್ನಾಕ ಬಾಯಿ ಬರವಲ್ದು."

"ಹುಡುಗರ ಸಲುವಾಗಿ ಅಂದುಬಿಡ್ರಲ್ಲ."

"ಅವರ ಸಲುವಾಗೇ ಅನ್ನಾಕ್ಹತ್ತೀನಿ. ಅದಕ್ಕ ಬರವಲ್ದು." ಅವನು ಕಣ್ಣು ಮುಚ್ಚಿಕೊಂಡ. ನಿದ್ದೆ ಹೋದ ಅಂದುಕೊಂಡೆ. ಆದರೆ ಕಣ್ಣು ಮುಚ್ಚಿಯೇ ಹೇಳಿದ. "ಅಕ್ಕಾರ, ಹೊರಗ ಹೋಗಿ ಕೇಳಿತು ಅನ್ನಬ್ಯಾಡ್ರಿ. ನನ್ನ ಬಾಯಾಗ ಇಲ್ಲದ್ದು ನನ್ನ ಮಣ್ಣಿಗೆ ಹಾಕಬ್ಯಾಡ್ರಿ. ನಿಮಗ ಹಂಗ ಅನ್ನಾಕ ಬರತೈತಿ ಅಂತ ನನಗೊತ್ತು."

ನಾನು ಚಮಚ ಕೆಳಗಿಟ್ಟೆ.

"ಪೀರಂಬಿ ಕಬೂಲ್ ಅಂದದ್ದು ಪರದೆದ ಈ ಕಡೆ ನನಗ ಕೇಳಿರಲಿಲ್ಲ. ನಿಮ್ಮ ದನಿ ಅಷ್ಟ ಕೇಳಿತ್ತು. ನನಗ ಆಕಿ ಬೇಕಾಗಿದ್ಲು, ಸುಮ್ಮನಾದೆ. ನನ್ನ ಪಾಲಿಂದು ನನ್ನ ಜೋಡಿ ಬರತೈತಿ. ನಿಮ್ಮ ಪಾಲಿಂದು ನಿಮಗ ಇರಲಿ. ಮತ್ತ ಇನ್ನೊಂದು ಕೂಡಸಬ್ಯಾಡ್ರಿ."

ಅಷ್ಟು ಹೇಳಿ ಅವನು ಗೋಡೆಯ ಕಡೆ ಮುಖ ಹೊರಳಿಸಿದ. ಆ ದಿನದ ಬಗ್ಗೆ ನಾನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಪೀರಂಬಿಗೆ ಆಗ ಇಪ್ಪತ್ತು. ಇನ್ನೊಂದು ವರ್ಷ ಬಿಡ್ರಿ, ನನಗೆ ಇನ್ನೂ ಮನಸ್ಸಿಲ್ಲ ಅಂತ ಒಂದೇ ಮಾತು ಹಿಡಿದಿದ್ದಳು. ಯಾಕೆ ಅಂತ ಅವಳು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅಪ್ಪನಿಗೆ ಉಬ್ಬಸ, ಅವ್ವ ಇರಲಿಲ್ಲ, ಹುಡುಗ ಕುಡಿಯುವವನಲ್ಲ, ಕೈಯಲ್ಲಿ ಕಸುಬಿದೆ. ಪರದೆಯ ಹಿಂದೆ ಕಾಜಿಯವರ ಪ್ರಶ್ನೆಗೆ ಅವಳು ಮೂರು ಸಲ ತುಟಿ ಅಲುಗಿಸಿದಳು, ಮೂರು ಸಲವೂ ನನಗೆ ಏನೂ ಕೇಳಲಿಲ್ಲ. ಇಲ್ಲ ಅಂತ ಹೇಳಿದರೆ ಮುಗಿಯುತ್ತಿತ್ತು. ಅಂಥ ಮದುವೆಗಳು ನಮ್ಮಲ್ಲಿ ಆಗಾಗ ನಿಲ್ಲುತ್ತವೆ. ಬಂದವರು ಊಟ ಮಾಡಿ ಏನೂ ಆಗಿಲ್ಲ ಅನ್ನುವ ಹಾಗೆ ಹೋಗುತ್ತಾರೆ. ನನಗೆ ಯಾರೂ ಹೀಗೆ ಹೇಳು ಅಂತ ಹೇಳಿರಲಿಲ್ಲ. ಅಪ್ಪ ಹೊರಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ನಾನೇ, ನನ್ನ ಸ್ವಂತ ಬುದ್ಧಿಯಿಂದ, ಇವಳಿಗೆ ತನ್ನ ಹಿತ ತಿಳಿಯುವುದಿಲ್ಲ ಅಂದುಕೊಂಡು, ಪರದೆಯ ಕಡೆ ತಿರುಗಿ 'ಕೇಳಿತು' ಅಂದೆ. ಎಷ್ಟು ಜೋರಾಗಿ ಬಂತೆಂದರೆ ಬೀದಿಯಲ್ಲಿದ್ದವರೂ ಮುಬಾರಕ್ ಅಂದರು.

ಗುಡುಸಾಬ ಮಧ್ಯಾಹ್ನದ ನಮಾಜಿಗೆ ಸ್ವಲ್ಪ ಮುಂಚೆ ತೀರಿಹೋದ. ಪೀರಂಬಿ ನೀರು ಹಾಕುತ್ತಿದ್ದಳು, ನೀರು ಕಟಬಾಯಿಂದ ಹೊರಗೆ ಬಂತು, ಅವಳು ಸೆರಗಿನಿಂದ ಒರೆಸಿದಳು. ಆಮೇಲೆ ನಾವಿಬ್ಬರೂ ಸೇರಿ ಕಣ್ಣು ಮುಚ್ಚಿಸಿ ಗದ್ದಕ್ಕೆ ಬಟ್ಟೆ ಕಟ್ಟಿದೆವು.

ಅಂಗಳ ತುಂಬಿತು. ಮುಕ್ತುಂಸಾಬ ನಾಲ್ಕು ಜನ ಪಂಚರ ಜೊತೆ ಬಂದು ಬೇವಿನ ಮರದ ಕೆಳಗೆ ನಿಂತ. ಅವನೇನು ದುಷ್ಟನಲ್ಲ. ಅಪ್ಪ ಬಿಟ್ಟುಹೋದ ಜಮಾತನ್ನು ಅಪ್ಪ ಬಿಟ್ಟುಹೋದ ಹಾಗೆಯೇ ನಡೆಸಬೇಕು ಅನ್ನುವ ಮನುಷ್ಯ. ಇವತ್ತು ಇವನಿಗೆ ಬಿಟ್ಟರೆ ಅವತ್ತು ನಮ್ಮವರಿಗೆ ಯಾಕೆ ಬಿಡಲಿಲ್ಲ ಅಂತ ಮೂರು ಮನೆಯವರು ಕೇಳುತ್ತಾರೆ, ಆಗ ಅವನು ಉತ್ತರ ಹೇಳಬೇಕು.

"ಮಾಲನವ್ವ, ಕೇಳಿತೋ ಇಲ್ಲೋ?" ಅಂದ.

ಎಲ್ಲರೂ ನನ್ನ ಕಡೆ ನೋಡಿದರು. ದಸ್ತಗೀರ ಜನರ ಮುಂದೆ ನಿಂತಿದ್ದ, ಕೈ ಜೋಡಿಸಿರಲಿಲ್ಲ, ಆದರೆ ಅವನ ಮುಖದಲ್ಲಿ ಕೈ ಜೋಡಿಸಿದ್ದಕ್ಕಿಂತ ಹೆಚ್ಚು ಇತ್ತು. ಕೇಳಿತು ಅನ್ನುವುದು ನನಗೆ ಕಷ್ಟವಿರಲಿಲ್ಲ. ತಂಗಿಯ ಗಂಡ, ತಂಗಿಯ ಮಕ್ಕಳು, ಮನಸಾರೆ ಅನ್ನಬಹುದಿತ್ತು, ಮನಸಾರೆ ಅಂದರೆ ಕೇಳಿಸುತ್ತಿತ್ತು. ಒಮ್ಮೆ ಮಾಡಿದವಳಿಗೆ ಎರಡನೆಯ ಸಲ ಏನು ದೊಡ್ಡದು? ಆದರೆ ಆ ಮನುಷ್ಯ ಕಡೆಯ ಉಸಿರಿನಲ್ಲಿ ನನ್ನಿಂದ ಬೇಡಿದ್ದು ಇದೊಂದನ್ನೇ. ಕೇಳಲಿಲ್ಲ ಅಂತ ಹೇಳಲು ನಿರ್ಧರಿಸಿದೆ. ಅಷ್ಟರಲ್ಲಿ ಪಂಚರಲ್ಲೊಬ್ಬ, "ಏನ ನಿಂತೀಯವ್ವಾ, ಹೇಳಲೇಬೇಕು. ಹೇಳದ ಇಲ್ಲಿಂದ ಹೆಣ ಏಳೂದಿಲ್ಲ" ಅಂದ. ಇನ್ನೊಬ್ಬ "ಹೇಳು, ಹೇಳು" ಅಂದ. ನಾನು ಬಾಯಿ ತೆರೆದೆ. ದನಿ ಬರಲಿಲ್ಲ.

ಮೂವತ್ತಾರು ವರ್ಷ ಬೇರೆಯವರ ಬಾಯಿ ನೋಡಿದವಳು ನಾನು. ನನ್ನ ಬಾಯಿಗೆ ಹೀಗಾಗಿರಲಿಲ್ಲ. ಗಂಟಲಲ್ಲಿ ಮಾತು ಇದೆ, ನಾಲಗೆ ಹೊರಳುತ್ತಿದೆ, ಹೊರಗೆ ಏನೂ ಇಲ್ಲ. ಇನ್ನೊಮ್ಮೆ ಅಂದೆ, ಇಲ್ಲ. ಯಾರೂ ತುಟಿ ನೋಡದ ಊರಿನಲ್ಲಿ ಅಷ್ಟೂ ಜನ ನನ್ನ ತುಟಿ ನೋಡುತ್ತಿದ್ದರು. ನಾನು ಹೀಗೆ ನೋಡಿದ ಮದುಮಗಳು ಒಬ್ಬೊಬ್ಬಳೂ ನೆನಪಿಗೆ ಬಂದಳು. ಕಟ್ಟೆಯ ಅಂಚಿಗೆ ಕೂತುಬಿಟ್ಟೆ.

"ಕೇಳಾಕೀದು ದನಿನ ಹೋತು" ಅಂತ ಯಾರೋ ಅಂದರು.

ಆಗ ಖತೀಬರು ಬಂದರು. ಮಸೀದಿಯಲ್ಲಿ ನಮಾಜು ಮಾಡಿಸುವ ನಮ್ಮ ಖತೀಬರು ಎಪ್ಪತ್ತು ದಾಟಿದ ಮನುಷ್ಯ, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಏನಾಯಿತು ಅಂತ ದಸ್ತಗೀರ ಅವರ ಬಲಗಿವಿಗೆ ಬಾಯಿ ಇಟ್ಟು ಹೇಳಿದ. "ಅದಕ್ಕೇನು, ನನಗ ಊರಾಗಿನವರೆಲ್ಲಾ ಹಂಗ ಅದಾರ" ಅಂದರು. ಒಂದಿಬ್ಬರು ನಕ್ಕರು.

ಮುಕ್ತುಂಸಾಬ ಅವರ ಹತ್ತಿರ ಹೋಗಿ ಜೋರಾಗಿ ಹೇಳಿದ. "ಹಜರತ್ರ, ಜಮಾತಿಂದು ರೂಲ್ ಐತಿ."

"ಐತಿ. ನಿಮ್ಮ ಅಪ್ಪಾರದು ಅದು. ಕುರಾನಿನಾಗ ನನಗ ಸಿಕ್ಕಿಲ್ಲ, ಐವತ್ತು ವರ್ಷ ಓದೀನಿ. ಸಿಕ್ಕಿದ್ದು ಧರ್ಮದಾಗ ಜುಲುಮಿ ಇಲ್ಲ ಅನ್ನೋದು. ಪೈಗಂಬರರಿಗೇ ಹೇಳೈತಿ, ನೀ ನೆನಪು ಮಾಡಿಕೊಡಾಂವ, ಅವರ ಮ್ಯಾಲೆ ಕಾವಲು ಕುಂತಾಂವ ಅಲ್ಲ ಅಂತ. ಜನ ನಂಬೋ ತನಕ ನೀ ಅವರನ್ನ ಜಗ್ಗಾಡತೀಯೇನು ಅಂತಾನೂ ಕೇಳೈತಿ. ಪೈಗಂಬರರಿಗೆ ಕೊಡದ ಅಧಿಕಾರ ನಮಗೆಲ್ಲಿಂದ ಬಂತು, ಮುಕ್ತುಂಸಾಬ?"

"ಮತ್ತ ಇಷ್ಟು ವರ್ಷ ನೀವ್ಯಾಕ ಸುಮ್ಮನಿದ್ರಿ?"

ಖತೀಬರು ಟೋಪಿ ತೆಗೆದು ತಲೆ ಸವರಿಕೊಂಡು ಮತ್ತೆ ಹಾಕಿಕೊಂಡರು. "ಅದು ನನ್ನ ತಪ್ಪು. ಮೂರು ಜನರನ್ನ ಕಲ್ಲಾಗ ಇಟ್ಟಾಗ ನಾ ಮನಿಯಾಗ ಕುಂತಿದ್ದೆ. ಅದನ್ನ ನಿಮ್ಮ ಹೆಗಲಿಗೆ ಹಾಕೂದಿಲ್ಲ" ಅಂದರು.

ದಸ್ತಗೀರ ತಡೆಯಲಾರದೆ ಕೇಳಿದ. "ನಾಳೆ ನನ್ನ ಕೇಳಿದ್ರ ನಾ ಏನ ಹೇಳಲಿ ಹಜರತ್ರ? ಅಪ್ಪನ್ನ ಹಿಂಗ ಕಳಿಸಿದ್ಯಾ ಅಂದ್ರ?"

"ನಿನ್ನ ಕೇಳ್ತಾರಪ್ಪಾ. ಅಪ್ಪಗ ನೀರು ಕೊಟ್ಟಿಯೇನು, ಮಗ್ಗಲು ಹೊರಳಿಸಿದಿಯೇನು ಅಂತ ಕೇಳ್ತಾರ. ಅವನ ಎದಿಯಾಗಿಂದು ಅವನನ್ನ ಕೇಳ್ತಾರ. ಹೊರೆ ತಡೀಲಾರದಾಂವ ಕೂಗಿ ಕರದ್ರೂ ಒಡಹುಟ್ಟಿದವರು ಬಂದು ಒಂದು ಹಿಡಿ ಇಳಿಸೂದಿಲ್ಲ ಅಂತ ಐತಿ. ಕೇಳಾಕ ಕಠೋರ ಅನಿಸತೈತಿ. ಆದ್ರ ನೀ ಅಪ್ಪಂದು ಹೊರಬೇಕಾಗಿಲ್ಲ ಅಂತಾನೂ ಆತಲ್ಲ?" ಅವರ ಕೈ ಅವನ ಭುಜದ ಮೇಲಿತ್ತು. ದಸ್ತಗೀರ ಮಗುವಿನ ಹಾಗೆ ಅತ್ತ.

ಆಮೇಲೆ ಖತೀಬರು ನನ್ನ ಕಡೆ ತಿರುಗಿದರು. "ಮಾಲನವ್ವ, ನಿಮಗ ಹೇಳಬೇಕು ಅನಿಸಿದ್ರ ಹೇಳ್ರಿ. ಇಲ್ಲಾಂದ್ರ ಮನಿಗೆ ಹೋಗ್ರಿ. ಎರಡೂ ನಡೀತೈತಿ."

ಜನ ಬೇರೆ ಕಡೆ ನೋಡತೊಡಗಿದರು. ಆಮೇಲೆ "ಕೇಳಲಿಲ್ಲ" ಅಂದೆ. ಅದು ನನ್ನ ಕಿವಿಗೇ ಕೇಳಿತು. "ನನ್ನ ಜೋಡಿ ಮಾತಾಡಿದ್ರು. ಇಲ್ಲ ಅಂತಾನೂ ಅನ್ನಲಿಲ್ಲ, ಐತಿ ಅಂತಾನೂ ಅನ್ನಲಿಲ್ಲ. ಇನ್ನ ಮ್ಯಾಲೆ ಯಾರ ಮನಿಗೂ ನಾ ಕೇಳಾಕ ಬರೂದಿಲ್ಲ." ಇನ್ನೊಂದು ಮಾತು ನಾಲಗೆಯ ತುದಿಯಲ್ಲಿತ್ತು. ಮೂವತ್ನಾಲ್ಕು ವರ್ಷದ ಹಿಂದಿನದು. ಆದರೆ ಅದನ್ನು ಆ ಅಂಗಳದಲ್ಲಿ ಹೇಳಿದರೆ ಪೀರಂಬಿಯದು ಮದುವೆ ಹೌದೋ ಅಲ್ಲವೋ, ಅವಳ ಮಕ್ಕಳು ಯಾರು ಅಂತ ಊರು ಕೇಳುತ್ತಿತ್ತು. ನನ್ನ ಭಾರ ಇಳಿಸಿಕೊಳ್ಳಲು ಆ ಹುಡುಗರ ತಲೆಯ ಮೇಲೆ ಹಾಕಿದಂತಾಗುತ್ತಿತ್ತು. ನುಂಗಿಕೊಂಡೆ.

"ಅಂವ ನಮ್ಮೊಳಗ ಹುಟ್ಟ್ಯಾನ, ಯಾವತ್ತೂ ನಾ ನಿಮ್ಮವ ಅಲ್ಲ ಅಂದಿಲ್ಲ" ಅಂದರು ಖತೀಬರು. "ಎದಿ ಬಗದು ನೋಡೂದು ನನ್ನ ಕೆಲಸಲ್ಲ. ಸಂಜೀ ಅಸರ್ ನಮಾಜ್ ಆದ ಮ್ಯಾಲೆ ಜನಾಜಾ ನಮಾಜಿಗೆ ನಾ ನಿಲ್ತೀನಿ. ಯಾರನ್ನೂ ಕರಿಯೂದಿಲ್ಲ, ಯಾರನ್ನೂ ತಡಿಯೂದಿಲ್ಲ."

ಮುಕ್ತುಂಸಾಬ ಜಗಳ ಮಾಡುತ್ತಾನೆ ಅಂದುಕೊಂಡಿದ್ದೆವು. ಅವನ ಮುಖದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಾಗಿ ಕಂಡಿತು. ಜೇಬಿನಿಂದ ಖಬರಸ್ತಾನದ ಗೇಟಿನ ಕೀಲಿ ತೆಗೆದು ಕಟ್ಟೆಯ ಮೇಲೆ, ನನ್ನ ಪಕ್ಕದಲ್ಲಿ ಇಟ್ಟು ಹೊರಟುಹೋದ. ಪಂಚರಲ್ಲಿ ಇಬ್ಬರು ಅವನ ಹಿಂದೆ ಹೋದರು, ಇಬ್ಬರು ನಿಂತರು. ಸಂಜೆ ಜನಾಜಾಕ್ಕೆ ಇಪ್ಪತ್ತಮೂರು ಜನ ಬಂದಿದ್ದರಂತೆ, ಮೂರು ಸಾಲು ಆಯಿತಂತೆ. ಕಲ್ಲುಭೂಮಿಗೆ ಹೋದ ಒಬ್ಬನ ಅಣ್ಣನೂ ಬಂದಿದ್ದನಂತೆ. ಬಂದವನು ಸಾಲಿನಲ್ಲಿ ನಿಲ್ಲಲಿಲ್ಲ, ಖಬರಸ್ತಾನದ ಗೋಡೆಗೆ ಒರಗಿ ನಿಂತಿದ್ದು, ಮಣ್ಣು ಹಾಕುವಾಗ ಮಾತ್ರ ಮುಂದೆ ಬಂದು ಮೂರು ಹಿಡಿ ಹಾಕಿ ಹೋದನಂತೆ. ಇದನ್ನೆಲ್ಲ ದಸ್ತಗೀರ ಹೇಳಿದ್ದು.

ಮೂರನೆಯ ದಿನದ ಜಿಯಾರತ್ ಮುಗಿದು ಹೆಂಗಸರೆಲ್ಲ ಹೋದ ಮೇಲೆ ಪೀರಂಬಿಯ ಪಕ್ಕ ಕೂತೆ. ಅವಳು ಹತ್ತಿಯಿಂದ ಬೀಜದ ಚೂರು ಹೆಕ್ಕುತ್ತಿದ್ದಳು. ಗಂಡ ಸತ್ತ ಮನೆಯಲ್ಲಿ ಆ ಕೆಲಸ ಬೇಕಿರಲಿಲ್ಲ, ಕೈ ಸುಮ್ಮನಿರಲಾರದೆ ಮಾಡುತ್ತಿದ್ದಳು. ಸೊಸೆಯಂದಿರು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು.

"ಪೀರಂಬಿ, ನಿನ್ನ ನಿಕಾಹ್ ದಿನ ನೀ ಕಬೂಲ್ ಅಂದದ್ದು ನನಗ ಕೇಳಿರಲಿಲ್ಲ" ಅಂದೆ.

"ಗೊತ್ತೈತಿ." ಕೈ ನಿಲ್ಲಲಿಲ್ಲ. "ಆವತ್ತು ನಾ ನಿನ್ನ ಮುಖ ನೋಡಿದೆ. ನನ್ನಕ್ಕ ಅದಾಳ, ಇಲ್ಲ ಅಂತಾಳ ಅಂದುಕೊಂಡಿದ್ದೆ. ಅಪ್ಪನ್ನ ನೆನಸಿ ನನಗ ಇಲ್ಲ ಅನ್ನಾಕ ಧೈರ್ಯ ಸಾಲಲಿಲ್ಲ, ನೀ ಇದ್ದೀಯಲ್ಲ ಅಂತ ತುಟಿ ಅಲುಗಿಸಿದೆ. ನೀ ಪರದೆ ಕಡೆ ಹೊಳ್ಳಿದಿ."

ಇಷ್ಟು ವರ್ಷ ಇದು ಅವಳಿಗೆ ಗೊತ್ತಿಲ್ಲ ಅಂತ ನಾನು ನಂಬಿದ್ದೆ. ನಂಬಲು ಅನುಕೂಲವಿತ್ತು. "ಗುಡುಸಾಬ್ರು ಕೆಟ್ಟವರಾಗಿದ್ರೇನು?" ಅಂದೆ. ಯಾಕೆ ಅಂದೆನೋ, ನನ್ನ ಪರವಾಗಿ ಏನಾದರೂ ಒಂದು ಬೇಕಿತ್ತು.

"ಇಲ್ಲ. ಕೆಟ್ಟಂವ ಆಗಿದ್ರ ಹಗೂರ ಇತ್ತು, ನಿನಗ ಶಾಪ ಹಾಕ್ತಿದ್ದೆ. ಒಳ್ಳೇಂವ ಇದ್ದ. ಅದಕ್ಕ ಯಾರ ಮುಂದೂ ಹೇಳಾಕ ಬರಲಿಲ್ಲ. ಜ್ವರ ಬಂದ್ರ ರಾತ್ರಿಯಿಡೀ ಕುಂದರತಿದ್ದ. ನಾ ಮಾಡಿದ್ದೆಲ್ಲಾ ಉಂಡ. ಇಷ್ಟೆಲ್ಲಾ ಇದ್ದೂ ಅದು ನಾ ಆರಿಸಿದ್ದಲ್ಲ ಅಕ್ಕಾ. ಒಂದು ವರ್ಷ ಬಿಟ್ಟಿದ್ರ ಅವನನ್ನ ಆರಸತಿದ್ನೇನೋ. ಅದು ಈಗ ಯಾರಿಗೂ ಗೊತ್ತಾಗೂದಿಲ್ಲ."

ನನಗೆ ಅಳು ಬಂತು. ಅವಳ ಎರಡೂ ಕೈ ಹಿಡಿದುಕೊಂಡೆ. ಹತ್ತಿ ಚೆಲ್ಲಿತು. "ಮಾಫ್ ಮಾಡು. ನನ್ನ ಮಾಫ್ ಮಾಡೀನಿ ಅನ್ನು ಪೀರಂಬಿ. ನಾ ಇನ್ನ ಎಷ್ಟು ದಿನ ಇರ್ತೀನಿ, ಅನ್ನು" ಅಂದೆ. ಬಿಡಲಿಲ್ಲ. ಅವಳ ಕೈ ಅಲ್ಲಾಡಿಸಿ ಅಲ್ಲಾಡಿಸಿ ಕೇಳಿದೆ. ಅವಳು ನನ್ನನ್ನು ನೋಡಿದಳು, ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅವಳ ತುಟಿ ಅಲುಗಾಡಿದವು. ಮಾಫ್ ಮಾಡೀನಿ ಅಂದದ್ದು ನನಗೆ ಕಂಡಿತು, ಮೂವತ್ತಾರು ವರ್ಷದ ಅಭ್ಯಾಸ, ತುಟಿ ಓದಲು ಬರುತ್ತದೆ. ದನಿ ಇರಲಿಲ್ಲ.

ಹಿತ್ತಲಲ್ಲಿ ಪಾತ್ರೆಯ ಸದ್ದು ಬರುತ್ತಲೇ ಇತ್ತು.

"ಕೈ ಬಿಡು ಅಕ್ಕಾ" ಅಂದಳು. ಅದು ಕೇಳಿತು. ಬಿಟ್ಟೆ.

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಗಂಡ ಸತ್ತವಳು ಹೊಸ್ತಿಲು ದಾಟಬಾರದು ಅಂತ ನಾಲ್ಕು ತಿಂಗಳು ಹತ್ತು ದಿನ ಅವಳು ಇದ್ದತ್ ಕೂತಿದ್ದಾಗ ದಿನಾ ಹೋದೆ. ಕರೆದದ್ದಕ್ಕೆ ಹೋದವಳಲ್ಲ, ಅವಳು ಬರಬೇಡ ಅಂದದ್ದೂ ಇಲ್ಲ. ಕೂತು ಬೇಳೆ ಆರಿಸುತ್ತಿದ್ದೆ, ಮೊಮ್ಮಕ್ಕಳ ತಲೆ ಬಾಚುತ್ತಿದ್ದೆ. ಅವಳು ಮಾತಾಡಿದರೆ ಮಾತಾಡುತ್ತಿದ್ದೆ. ಊರು ನಾನಿಲ್ಲದೆ ಹೊಂದಿಕೊಂಡಿತು. ಹೊಸ ಕೇಳಾಕಿಗಾಗಿ ಜಮಾತಿನವರು ಎರಡು ಮೂರು ಮನೆ ಹುಡುಕಿದರು, ಯಾರೂ ಒಪ್ಪಲಿಲ್ಲ. ನೇಕಾರ ಓಣಿಯ ಒಂದು ಮದುವೆಯಲ್ಲಿ ಹುಡುಗಿ ತಾನೇ ಪರದೆ ಸರಿಸಿ, ಕಾಜಿಯವರ ಕಡೆ ನೋಡಿ ಕಬೂಲ್ ಅಂದಳಂತೆ. ಅಡುಗೆಯವರಿಗೂ ಕೇಳಿತಂತೆ. ಮುಕ್ತುಂಸಾಬನ ಅಪ್ಪನ ನಿಯಮವನ್ನು ಯಾರೂ ತೆಗೆದುಹಾಕಲಿಲ್ಲ. ಅದರ ಬಗ್ಗೆ ಕೇಳುವವರು ಇಲ್ಲವಾದರು, ಅಷ್ಟೆ. ಖತೀಬರು ಒಂದು ಶುಕ್ರವಾರ ಒಬ್ಬರೇ ಇಟ್ಟಿಗೆ ಭಟ್ಟಿಯ ಆಚೆಗೆ ಹೋಗಿ ಮೂರು ಗೋರಿಗಳ ಮುಂದೆ ಬಹಳ ಹೊತ್ತು ನಿಂತಿದ್ದರು ಅಂತ ಕುರಿ ಕಾಯುವವರು ಹೇಳಿದರು.

ಇದ್ದತ್ ಮುಗಿದ ದಿನ ಪೀರಂಬಿ ತಲೆಗೆ ಎರೆದುಕೊಂಡು, ಬಿಳಿ ಸೀರೆ ಬಿಟ್ಟು ಹಸಿರು ಸೀರೆ ಉಟ್ಟು ಕಟ್ಟೆಗೆ ಬಂದಳು. ಅವಳ ಕೂದಲು ಇಷ್ಟು ಬೆಳ್ಳಗಾದದ್ದು ನಾನು ಗಮನಿಸಿರಲಿಲ್ಲ. ಬೀದಿಯ ಬಿಸಿಲು ಕಣ್ಣಿಗೆ ಚುಚ್ಚಿ ಕೈ ಅಡ್ಡ ಹಿಡಿದು ನಿಂತಳು. ನಾನು ಬೇಳೆಯ ಮೊರ ಕೆಳಗಿಟ್ಟೆ.

"ಅಕ್ಕಾ, ನಾಳೆಯಿಂದ ನೀ ಬರಬ್ಯಾಡ" ಅಂದಳು.

ಹೂಂ ಅಂದೆ.

"ಸಿಟ್ಟಿಗಲ್ಲ. ನೀ ದಿನಾ ಬಂದು ಕುಂತ್ರ ನಾ ಏನರ ಅನ್ನಬೇಕಾಕೈತಿ. ಅನ್ನೂದು ಇದ್ರ ನಾನ ಬಂದು ಅಂತೀನಿ. ಬರದೇನೂ ಇರಬಹುದು. ಹಾದಿ ನೋಡಬ್ಯಾಡ."

ಅವಳ ದನಿ ಬೀದಿಯ ಆ ತುದಿಯವರೆಗೆ ಕೇಳುವಷ್ಟು ಇತ್ತು. ಗುಡುಸಾಬ ಇದ್ದಾಗಲೂ, ಅದಕ್ಕಿಂತ ಮುಂಚೆ ನಮ್ಮ ತವರಲ್ಲಿಯೂ, ಅವಳು ಅಷ್ಟು ದೊಡ್ಡದಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಇದಾಗಿ ಈಗ ಮೂರು ವಾರ. ನಮ್ಮ ಮನೆಗೂ ಅವಳ ಮನೆಗೂ ನೂರು ಹೆಜ್ಜೆ ಇದೆ, ನಡುವೆ ಒಂದು ಹಿಟ್ಟಿನ ಗಿರಣಿ. ಊಟ ಮಾಡಿ ಎಲ್ಲರೂ ಮಲಗುವ ಹೊತ್ತಿನಲ್ಲಿ ಗಿರಣಿ ನಿಲ್ಲುತ್ತದೆ, ಬೀದಿಯಲ್ಲಿ ಯಾರು ನಡೆದರೂ ಹೆಜ್ಜೆ ಗೊತ್ತಾಗುತ್ತದೆ. ಹಾದಿ ನೋಡಬೇಡ ಅಂದಿದ್ದಾಳೆ, ನೋಡುವುದಿಲ್ಲ. ಒಳಗೆ ಹಾಸಿಗೆಯ ಮೇಲೆ ಬೀದಿಗೆ ಬೆನ್ನು ಮಾಡಿ ಮಲಗುತ್ತೇನೆ. ಅವಳು ಬಂದಿಲ್ಲ. ಕರೆಯಲು ನಾನು ಯಾರನ್ನೂ ಕಳಿಸಿಲ್ಲ.